ಕಂಪನಿಯ ಸ್ಟೀರಿಯೋ ಉಳಿಸಿಕೊಂಡೇ ಕಾರಿಗೆ ಸಬ್‌ವೂಫರ್: ಕೆಲಸ ವೈರ್‌ನಿಂದ ಶುರುವಾಗಲಿ

ತುಮಕೂರಿನಿಂದ ಬೆಂಗಳೂರಿಗೆ ದಿನವೂ ಕಾರಿನಲ್ಲಿ ಓಡಾಡುವವರು ಬಹಳ ಮಂದಿ. ಅವರಲ್ಲಿ ಹಲವರ ದೂರು ಒಂದೇ. ಮನೆಯ ಮುಂದೆ ನಿಂತಾಗ ಹಾಡು ಚೆನ್ನಾಗಿಯೇ ಕೇಳುತ್ತದೆ. ರಾಷ್ಟ್ರೀಯ ಹೆದ್ದಾರಿ 48 ಹತ್ತಿ ವೇಗ ಏರಿತೆಂದರೆ ಡೊಳ್ಳಿನ ಗುದ್ದೂ ಇಲ್ಲ, ಮೃದಂಗದ ಎಡಭಾಗವೂ ಇಲ್ಲ. ಸ್ಟೀರಿಯೋ ಕೆಟ್ಟಿರುವುದಿಲ್ಲ. ಟೈರು, ರಸ್ತೆ ಎರಡೂ ಸೇರಿ ಎಬ್ಬಿಸುವ ಗದ್ದಲದಲ್ಲಿ ಹೆಚ್ಚಿನ ಪಾಲು ಕೆಳಸ್ಥಾಯಿಯದು. ಅದು ಹಾಡಿನ ಕೆಳಸ್ಥಾಯಿಯನ್ನೇ ಮೊದಲು ನುಂಗಿಹಾಕುತ್ತದೆ. ಎದುರಿಸಲು ಕಂಪನಿಯ ಸ್ಟೀರಿಯೋಗೆ ಕಸುವು ಸಾಲದು. ಅದರ ವಿವರಣೆಯಲ್ಲಿ ನಾಲ್ಕು ಚಾನೆಲ್‌ಗೆ ತಲಾ 50 ವ್ಯಾಟ್ ಎಂದು ಬರೆದಿದ್ದರೂ ಅದು ಗರಿಷ್ಠದ ಲೆಕ್ಕ. ಒಳಗಿನ ಚಿಪ್ ನಿರಂತರವಾಗಿ ಕೊಡುವುದು ಚಾನೆಲ್‌ಗೆ 15ರಿಂದ 20 ವ್ಯಾಟ್ ಮಾತ್ರ. ಬಾಗಿಲಿನ ಆರಿಂಚಿನ ಸ್ಪೀಕರ್ 80 ಹರ್ಟ್ಸ್‌ನಿಂದ ಕೆಳಗೆ ಇಳಿಯುವಷ್ಟರಲ್ಲಿ ಸೋತಿರುತ್ತದೆ. ಬಾಸ್ (ಕೆಳಸ್ಥಾಯಿ) ಗುಂಡಿಯನ್ನು ಎಷ್ಟೇ ತಿರುಗಿಸಿದರೂ ಕೇಳುವುದು ಒಡಕು ದನಿ.

ಹೊಸ ಕಾರುಗಳಲ್ಲಿ ಸ್ಟೀರಿಯೋ ತೆಗೆದು ಬೇರೆಯದನ್ನು ಕೂರಿಸುವುದು ಸುಲಭವಲ್ಲ. ಹಿಂಬದಿಯ ಕ್ಯಾಮೆರಾ, ಸ್ಟೀರಿಂಗ್ ಮೇಲಿನ ಗುಂಡಿಗಳು, ಮೊಬೈಲ್ ಜೋಡಣೆ ಎಲ್ಲವೂ ಅದಕ್ಕೇ ಅಂಟಿಕೊಂಡಿವೆ. ತೆಗೆಯುವ ಅಗತ್ಯವೂ ಇಲ್ಲ. ಅದನ್ನು ಹಾಗೆಯೇ ಬಿಟ್ಟು, ಅದರ ಸ್ಪೀಕರ್ ವೈರಿನಿಂದ ಸಿಗ್ನಲ್ ಪಡೆದು, ಸಿಗ್ನಲ್ಲಿಗೆ ಬಲ ಕೊಡುವ ಬೇರೊಂದು ಆಂಪ್ಲಿಫೈಯರ್ ಮೂಲಕ ಸಬ್‌ವೂಫರ್, ಅಂದರೆ ಕೆಳಸ್ಥಾಯಿಯನ್ನಷ್ಟೇ ನುಡಿಸುವ ಸ್ಪೀಕರ್, ನುಡಿಸಬಹುದು. ಎಲೆಕ್ಟ್ರಿಕಲ್ ಕೆಲಸದ ಅಭ್ಯಾಸವಿದ್ದವರು ಒಂದು ಭಾನುವಾರದಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು. ಅಭ್ಯಾಸವಿಲ್ಲದವರು ಅಂಗಡಿಯಲ್ಲೇ ಮಾಡಿಸಿ. ಆದರೆ ಪಕ್ಕದಲ್ಲಿ ನಿಂತು ಏನು ನೋಡಬೇಕು, ಏನು ಕೇಳಬೇಕು ಎಂಬುದಾದರೂ ಗೊತ್ತಿರಲಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಖರ್ಚು ಮಾಡುವಾಗ ಎಲ್ಲರ ಕಣ್ಣೂ ಸಬ್‌ವೂಫರ್ ಮೇಲಿರುತ್ತದೆ. ವೈರಿಗೆ ಉಳಿದ ಚಿಲ್ಲರೆ. ನನ್ನ ಪ್ರಕಾರ ಲೆಕ್ಕ ತಿರುಗುಮುರುಗಾಗಬೇಕು. ದಪ್ಪ ತಾಮ್ರದ ವೈರ್, ಸರಿಯಾದ ಫ್ಯೂಸ್, ಗಟ್ಟಿ ಅರ್ಥಿಂಗ್ (ಆಂಪ್ಲಿಫೈಯರ್‌ನ ಮೈನಸ್ ವೈರನ್ನು ಕಾರಿನ ಕವಚಕ್ಕೆ ಕಟ್ಟುವುದು) ಈ ಮೂರೂ ಇದ್ದರೆ ಸಾಧಾರಣ ಸಬ್‌ವೂಫರ್ ಕೂಡ ತುಂಬಿ ನುಡಿಯುತ್ತದೆ. ಇವು ಇಲ್ಲದಿದ್ದರೆ ದುಬಾರಿ ಸೆಟ್ ಗೊರಗುಟ್ಟುತ್ತದೆ. ಕೆಟ್ಟ ಗಳಿಗೆಯಲ್ಲಿ ಕಾರಿಗೇ ಬೆಂಕಿ ಹತ್ತುತ್ತದೆ.

ಕೊಳ್ಳುವ ಮುನ್ನ ಡಿಕ್ಕಿ ತೆರೆದು ನೋಡಿ

ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆಯೇ? ಇದ್ದರೆ ದೊಡ್ಡ ಪೆಟ್ಟಿಗೆಯ ಆಸೆ ಬಿಡಿ. ಸಿಲಿಂಡರ್‌ನ ಕಬ್ಬಿಣದ ಪಟ್ಟಿಗೆ, ಅದರ ಬೋಲ್ಟ್‌ಗೆ, ಅನಿಲದ ಕೊಳವೆಯ ಆಸುಪಾಸಿಗೆ ಯಾವ ವೈರನ್ನೂ ಕಟ್ಟಬಾರದು, ಅಲ್ಲಿ ಡ್ರಿಲ್ ಹಿಡಿಯಲೇಬಾರದು. ಅಂಥವರಿಗೆ ಸೀಟಿನ ಅಡಿಯಲ್ಲಿ ಕೂರುವ, ಆಂಪ್ಲಿಫೈಯರ್ ಒಳಗೇ ಇರುವ ಎಂಟಿಂಚಿನ ತೆಳು ಸಬ್‌ವೂಫರ್ ಒಳ್ಳೆಯದು. ಅದು ಎದೆ ನಡುಗಿಸುವುದಿಲ್ಲ. ಹೆದ್ದಾರಿಯಲ್ಲಿ ಕಳೆದುಹೋದ ಕೆಳಸ್ಥಾಯಿಯನ್ನು ಮಾತ್ರ ಖಂಡಿತ ಮರಳಿಸುತ್ತದೆ. ಸಂಸಾರದೊಡನೆ ತಿಪಟೂರಿಗೋ ಪಾವಗಡಕ್ಕೋ ಸಾಮಾನು ತುಂಬಿಕೊಂಡು ಹೋಗಿ ಬರುವವರಿಗೂ ನಾನು ಇದನ್ನೇ ಹೇಳುತ್ತೇನೆ. ಕೊಳ್ಳುವ ಮೊದಲು ಸೀಟಿನ ಅಡಿಯ ಎತ್ತರವನ್ನು ಅಳೆಯಿರಿ, ಸೀಟನ್ನು ಪೂರ್ತಿ ಹಿಂದೆ ಮುಂದೆ ಸರಿಸಿ ನೋಡಿ. ಕೆಲವು ಮೈಲ್ಡ್ ಹೈಬ್ರಿಡ್ ಕಾರುಗಳಲ್ಲಿ ಮುಂದಿನ ಸೀಟಿನ ಅಡಿಯಲ್ಲಿ ಎರಡನೆಯ ಬ್ಯಾಟರಿ ಇರುತ್ತದೆ. ಅಲ್ಲಿ ಜಾಗವೇ ಸಿಗುವುದಿಲ್ಲ.

ಡಿಕ್ಕಿ ಖಾಲಿಯಿದ್ದರೆ ಹತ್ತಿಂಚಿನ ಒಂದು ಸಬ್‌ವೂಫರ್ ಸಾಕು. ಸಣ್ಣ ಕಾರಿಗೆ ಹನ್ನೆರಡಿಂಚಿನ ಜೋಡಿ ಹಾಕಿಸುವುದು ಕಂಪನಿಯ ಬ್ಯಾಟರಿಗೂ ಆಲ್ಟರ್ನೇಟರ್‌ಗೂ ಮಾಡುವ ಅನ್ಯಾಯ. ಸ್ಟೆಪ್ನಿ ಎಲ್ಲಿದೆ ಎಂಬುದನ್ನು ಮರೆಯಬೇಡಿ. ಬಹಳಷ್ಟು ಕಾರುಗಳಲ್ಲಿ ಅದು ಡಿಕ್ಕಿಯ ಹಾಸಿನ ಕೆಳಗಿರುತ್ತದೆ. ಶಿರಾ ಆಚೆ ರಾತ್ರಿ ಪಂಕ್ಚರ್ ಆದಾಗ ಪೆಟ್ಟಿಗೆಯನ್ನು ಒಬ್ಬರೇ ಬಿಚ್ಚಿ ಇಳಿಸುವಂತಿರಬೇಕು.

ಪೆಟ್ಟಿಗೆಯಲ್ಲಿ ಎರಡು ಬಗೆ. ಪೂರ್ತಿ ಮುಚ್ಚಿದ್ದು ಒಂದು, ಗಾಳಿ ಹೊರಬರುವ ಕೊಳವೆ ಇರುವುದು ಇನ್ನೊಂದು. ಕೊಳವೆಯದು ಅದೇ ವ್ಯಾಟ್‌ಗೆ ಹೆಚ್ಚು ಸದ್ದು ಮಾಡುತ್ತದೆ, ಆದರೆ ಪೆಟ್ಟು ಮುಗಿದ ಮೇಲೂ ಗುಂಯ್ ಎನ್ನುವ ಬಾಲ ಉಳಿಯುತ್ತದೆ. ಮುಚ್ಚಿದ್ದರಲ್ಲಿ ಸದ್ದು ಕೊಂಚ ಕಡಿಮೆ, ಪೆಟ್ಟು ಮಾತ್ರ ಖಚಿತ. ತಮಟೆ, ಡೊಳ್ಳು, ಮೃದಂಗ ಕೇಳುವ ಕಿವಿಗೆ ಮುಚ್ಚಿದ ಪೆಟ್ಟಿಗೆಯೇ ಸರಿ ಎನ್ನುವುದು ನನ್ನ ಗಟ್ಟಿ ನಂಬಿಕೆ. ಹತ್ತಿಂಚಿನದಕ್ಕೆ ಒಳಗಿನ ಜಾಗ ಸುಮಾರು 20ರಿಂದ 28 ಲೀಟರ್ ಬೇಕಾಗುತ್ತದೆ. ಸಬ್‌ವೂಫರ್ ಜೊತೆ ಬರುವ ಹಾಳೆಯಲ್ಲಿ ಸರಿಯಾದ ಅಳತೆ ಇರುತ್ತದೆ, ಅದನ್ನೇ ಅನುಸರಿಸಿ. ಬಡಗಿಯಿಂದ ಮಾಡಿಸುವುದಾದರೆ 18 ಮಿಲಿಮೀಟರ್ ಎಂಡಿಎಫ್ ಹಲಗೆ ಬಳಸಿ, ಒಳಗಿನ ಸಂದುಗಳಿಗೆಲ್ಲ ಸಿಲಿಕೋನ್ ತುಂಬಿಸಿ.

ಡಬ್ಬದ ಮೇಲಿನ ಅಂಕಿಗಳು

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 1200 ವ್ಯಾಟ್ ಎಂದಿರುತ್ತದೆ. ಅದನ್ನು ಬಿಟ್ಟು ಸಣ್ಣ ಅಕ್ಷರದಲ್ಲಿರುವ ಆರ್‌ಎಂಎಸ್ ಅಂಕಿ ಹುಡುಕಿ. ನಿರಂತರವಾಗಿ ತಾಳಿಕೊಳ್ಳುವ ಶಕ್ತಿ ಅದೇ. ಆಂಪ್ಲಿಫೈಯರ್‌ನ ಆರ್‌ಎಂಎಸ್ ಮತ್ತು ಸಬ್‌ವೂಫರ್‌ನ ಆರ್‌ಎಂಎಸ್ ಹತ್ತಿರ ಹತ್ತಿರ ಇರಬೇಕು. ಅದರ ಜೊತೆಗೆ ಓಮ್ ಲೆಕ್ಕ, ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಎರಡು ಕಾಯಿಲ್ (ತಂತಿ ಸುರುಳಿ) ಇರುವ ಸಬ್‌ವೂಫರ್‌ನಲ್ಲಿ ತಲಾ 4 ಓಮ್ ಇದ್ದರೆ, ಪ್ಲಸ್‌ಗೆ ಪ್ಲಸ್ ಮೈನಸ್‌ಗೆ ಮೈನಸ್ ಸೇರಿಸಿದಾಗ 2 ಓಮ್ ಆಗುತ್ತದೆ, ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿದಾಗ 8 ಓಮ್. ಆಂಪ್ಲಿಫೈಯರ್ 2 ಓಮ್ ತಡೆಯುತ್ತದೆಯೇ ಎಂದು ಓದಿಕೊಳ್ಳದೆ ಮೊದಲನೆಯ ರೀತಿ ಜೋಡಿಸಿದರೆ ಅದು ಬಿಸಿಯಾಗಿ ಸುಟ್ಟುಹೋಗಬಹುದು.

ಆಂಪ್ಲಿಫೈಯರ್ ಡಿ ಕ್ಲಾಸ್‌ನದೇ ಇರಲಿ. ಬ್ಯಾಟರಿಯಿಂದ ಪಡೆದ ಶಕ್ತಿಯಲ್ಲಿ ಸುಮಾರು 80 ಪ್ರತಿಶತ ಸ್ಪೀಕರ್‌ಗೆ ತಲುಪುತ್ತದೆ, ಉಳಿದದ್ದಷ್ಟೇ ಬಿಸಿಯಾಗಿ ಹೋಗುತ್ತದೆ. ಹಳೆಯ ಎಬಿ ಕ್ಲಾಸ್‌ನದು ಇದಕ್ಕಿಂತ ಬಹಳ ಹೆಚ್ಚು ಕರೆಂಟ್ ಎಳೆಯುತ್ತದೆ. ‘ಹೈ ಲೆವೆಲ್ ಇನ್‌ಪುಟ್’ ಇರುವುದನ್ನೇ ಕೇಳಿ ಪಡೆಯಿರಿ. ಆಂಪ್ಲಿಫೈಯರ್‌ಗೆ ಸಿಗ್ನಲ್ ಕೊಡುವ ಆರ್‌ಸಿಎ ಪಿನ್ ಕಂಪನಿಯ ಸ್ಟೀರಿಯೋದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಸ್ಪೀಕರ್ ವೈರನ್ನೇ ನೇರವಾಗಿ ಕೊಡಬೇಕು. ಆ ಸೌಲಭ್ಯವಿಲ್ಲದ ಆಂಪ್ಲಿಫೈಯರ್ ಆದರೆ ನಡುವೆ, ಸ್ಪೀಕರ್ ಸಿಗ್ನಲ್ಲನ್ನು ತಗ್ಗಿಸಿ ಆರ್‌ಸಿಎಗೆ ಹೊಂದಿಸುವ ಲೈನ್ ಔಟ್‌ಪುಟ್ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ ಸೇರಿಸಬೇಕಾಗುತ್ತದೆ.

ವೈರ್: ಇಲ್ಲಿ ಜಿಪುಣತನ ಬೇಡ

ಒಂದು ಸರಳ ಲೆಕ್ಕ. 300 ವ್ಯಾಟ್ ಆರ್‌ಎಂಎಸ್ ಡಿ ಕ್ಲಾಸ್ ಆಂಪ್ಲಿಫೈಯರ್ ಪೂರ್ತಿ ನುಡಿಯುವಾಗ 375 ವ್ಯಾಟ್ ಎಳೆಯುತ್ತದೆ. ಇಂಜಿನ್ ಓಡುವಾಗ ವೋಲ್ಟೇಜ್ 13.8 ಇದ್ದರೆ ಅದು 27 ಆಂಪಿಯರ್. ಬಾನೆಟ್‌ನಿಂದ ಡಿಕ್ಕಿಯವರೆಗೆ ವೈರಿನ ಉದ್ದ ಸಣ್ಣ ಕಾರಿನಲ್ಲೂ ಸುಮಾರು 5 ಮೀಟರ್. 10 ಚದರ ಮಿಲಿಮೀಟರ್ ತಾಮ್ರದಲ್ಲಿ ಇಷ್ಟು ಕರೆಂಟ್ ಹರಿದರೆ ದಾರಿಯಲ್ಲಿ ನಷ್ಟವಾಗುವುದು ಸುಮಾರು ಕಾಲು ವೋಲ್ಟ್. ಮನೆಯ ಸ್ವಿಚ್‌ಬೋರ್ಡ್‌ಗೆ ಬಳಸುವ 2.5 ಚದರ ಮಿಲಿಮೀಟರ್ ವೈರಿನಲ್ಲಿ ಅದೇ ನಷ್ಟ ಒಂದು ವೋಲ್ಟ್ ದಾಟುತ್ತದೆ, ವೈರೂ ಬಿಸಿಯಾಗುತ್ತದೆ. ಐದು ಎಚ್‌ಪಿ ಮೋಟರ್ ಇಳಿಸಿ ಅರ್ಧ ಇಂಚಿನ ಪೈಪ್ ಹಾಕಿದರೆ ತೋಟಕ್ಕೆ ನೀರು ಹೇಗೆ ಬಂದೀತೋ ಬಾಸ್ ಕೂಡ ಹಾಗೆಯೇ ಬರುತ್ತದೆ.

ಬಣ್ಣಬಣ್ಣದ ಪ್ಲಾಸ್ಟಿಕ್ ಚೀಲದಲ್ಲಿ ‘ಆಂಪ್ಲಿಫೈಯರ್ ಕಿಟ್’ ಎಂದು ಮಾರುವ ವೈರ್‌ಗಳಲ್ಲಿ ಬಹುಪಾಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಹೊದಿಕೆ ದಪ್ಪ, ಒಳಗಿನ ಎಳೆಗಳು ತೆಳು. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ತುದಿಯ ಒಂದು ಎಳೆಯನ್ನು ಬೇರ್ಪಡಿಸಿ, ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ತಾಮ್ರವಾದರೆ ಎಷ್ಟು ಕೆರೆದರೂ ಕೆಂಪೇ. ಲೇಪನವಾದರೆ ಎರಡನೆಯ ಕೆರೆತಕ್ಕೆ ಬೆಳ್ಳಗಿನ ಗೆರೆ ಮೂಡುತ್ತದೆ. ಬೆಳ್ಳಗಾದರೆ ಆ ವೈರ್ ಬಳಸಲೇಬಾರದು ಎಂದೇನಿಲ್ಲ, ಆದರೆ ಒಂದು ಅಳತೆ ದಪ್ಪನೆಯದನ್ನು ತೆಗೆದುಕೊಳ್ಳಬೇಕು.

ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲವಿದೆ. ಬೋರ್‌ವೆಲ್ ಇಲ್ಲದ ಹೋಬಳಿ ಇಲ್ಲ. ಹಾಗಾಗಿ ಮೋಟರ್ ರಿಪೇರಿ ಅಂಗಡಿ, ಸ್ಟಾರ್ಟರ್ ಪ್ಯಾನೆಲ್ ಕಟ್ಟುವ ಅಂಗಡಿ ಪ್ರತಿ ಊರಿನಲ್ಲೂ ಇವೆ. “ಅಣ್ಣ, 10 ಸ್ಕ್ವೇರ್ ಎಂಎಂ ತಾಮ್ರದ ಫ್ಲೆಕ್ಸಿಬಲ್ ವೈರ್, ಕೆಂಪು ಆರು ಮೀಟರ್, ಕಪ್ಪು ಒಂದು ಮೀಟರ್ ಕೊಡಿ. ಅದಕ್ಕೆ ಸರಿಹೋಗುವ ಲಗ್‌ಗಳನ್ನು ಇಲ್ಲೇ ಒತ್ತಿ ಕೊಡಿ” ಎಂದರೆ ಅವರು ಎರಡು ಕೈಯ ಕ್ರಿಂಪಿಂಗ್ ಉಪಕರಣ ತೆಗೆದು ಗಟ್ಟಿಯಾಗಿ ಒತ್ತಿಕೊಡುತ್ತಾರೆ. ಇಕ್ಕಳದಿಂದ ಹಿಸುಕಿದ ಲಗ್ (ವೈರಿನ ತುದಿಗೆ ಹಾಕುವ ಲೋಹದ ಉಂಗುರ) ಆರು ತಿಂಗಳಲ್ಲಿ ಸಡಿಲವಾಗುತ್ತದೆ. ಅವರ ಕೈಯಲ್ಲಿ ಒತ್ತಿಸಿದ್ದನ್ನು ಜಗ್ಗಿ ನೋಡಿ, ಅಲುಗಾಡುವುದಿಲ್ಲ. ಉದ್ದವನ್ನು ಮೊದಲೇ ಹಗ್ಗ ಹಿಡಿದು ಅಳೆದುಕೊಂಡಿರಬೇಕು ಎಂಬುದೊಂದೇ ಷರತ್ತು. ಇಂಜಿನ್ ಹಿಂದಿನ ತಗಡಿನ ಗೋಡೆ ದಾಟಿಸುವ ತುದಿಯ ಲಗ್ಗನ್ನು ಮಾತ್ರ ವೈರ್ ಎಳೆದ ಮೇಲೆ ಒತ್ತಿಸಬೇಕು. ಕಟ್ಟಡದ ವೈರಿನ ಹೊದಿಕೆ ಸಾಮಾನ್ಯವಾಗಿ 70 ಡಿಗ್ರಿವರೆಗೆ ಮಾತ್ರ ತಾಳುತ್ತದೆ, ಬಾನೆಟ್ ಒಳಗೆ ಅದಕ್ಕಿಂತ ಹೆಚ್ಚು ಬಿಸಿಯಾಗುವ ಜಾಗಗಳಿವೆ. 105 ಡಿಗ್ರಿ ತಾಳುವ ವಾಹನದ ವೈರ್ ಸಿಕ್ಕರೆ ಅದನ್ನೇ ಕೊಳ್ಳಿ. ಸಿಗದಿದ್ದರೆ ಸೈಲೆನ್ಸರ್ ಕೊಳವೆ ಶುರುವಾಗುವ ಕಡೆಯಿಂದ ದೂರ ಎಳೆದು, ಮೇಲೆ ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಪೈಪ್ ತೊಡಿಸಿ. ತೋಟದ ಮನೆಯ ಮುಂದೆ ಕಾರು ನಿಲ್ಲಿಸುವವರು ಈ ಪೈಪನ್ನು ಬಿಡಲೇಬಾರದು. ಇಲಿ, ಹೆಗ್ಗಣಗಳು ಮೊದಲು ಬಾಯಿ ಹಾಕುವುದು ಹೊಸ ವೈರಿಗೇ.

ಕೆಲಸದ ದಿನ

ಕಾರು ತಣ್ಣಗಿರಲಿ. ಕೆಲವು ಸ್ಟೀರಿಯೋಗಳು ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ರಹಸ್ಯ ಸಂಖ್ಯೆ ಕೇಳುತ್ತವೆ, ಅದನ್ನು ಕೈಪಿಡಿಯಲ್ಲಿ ಹುಡುಕಿ ಬರೆದಿಟ್ಟುಕೊಳ್ಳಿ. ಕೀಲಿ ತೆಗೆದು, 10ನೇ ನಂಬರ್ ಸ್ಪ್ಯಾನರ್‌ನಿಂದ ಬ್ಯಾಟರಿಯ ಮೈನಸ್ ಕ್ಲಾಂಪ್ ಬಿಚ್ಚಿ ಬದಿಗೆ ಸರಿಸಿ. ಹತ್ತು ನಿಮಿಷ ಕಾಯಿರಿ. ಏರ್‌ಬ್ಯಾಗ್ ವ್ಯವಸ್ಥೆಯೊಳಗೆ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ, ಅದು ಇಳಿಯಲಿ. ಸೀಟಿನ ಅಡಿಯಲ್ಲಿ, ಸ್ಟೀರಿಂಗ್ ಕೆಳಗೆ, ಕಂಬಗಳ ಒಳಗೆ ಕಾಣುವ ಹಳದಿ ಬಣ್ಣದ ಕಪ್ಲರ್‌ಗಳು (ವೈರ್ ಜೋಡಿಸುವ ಪ್ಲಾಸ್ಟಿಕ್ ಭಾಗಗಳು) ಏರ್‌ಬ್ಯಾಗ್‌ಗೆ ಸೇರಿದವು. ಅವನ್ನು ಬಿಚ್ಚಬೇಡಿ, ಮಲ್ಟಿಮೀಟರ್ ಕಡ್ಡಿಯನ್ನೂ ತಾಗಿಸಬೇಡಿ. ವಿದ್ಯುತ್ ಕಾರು ಅಥವಾ ಹೈಬ್ರಿಡ್ ಆದರೆ ಕಿತ್ತಳೆ ಬಣ್ಣದ ಕೇಬಲ್‌ಗಳಿಗೂ ಇದೇ ಮಾತು. ಅವುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಮೊದಲು ಬ್ಯಾಟರಿಯಿಂದ ಆಂಪ್ಲಿಫೈಯರ್‌ಗೆ ಹೋಗುವ ಮುಖ್ಯ ವೈರ್. ಬ್ಯಾಟರಿಯ ಪ್ಲಸ್ ಕ್ಲಾಂಪ್‌ನಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಹೋಲ್ಡರ್ ಬರಬೇಕು. ಇದಕ್ಕೆ ವಿನಾಯಿತಿಯೇ ಇಲ್ಲ. ಆಂಪ್ಲಿಫೈಯರ್‌ನಲ್ಲೇ ಫ್ಯೂಸ್ ಇದೆಯಲ್ಲ, ಇನ್ನೊಂದೇಕೆ ಎಂದು ಕೇಳುವವರಿದ್ದಾರೆ. ಆ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು. ಬಾನೆಟ್‌ನದು ಕಾಯುವುದು ವೈರನ್ನು. ನಡುದಾರಿಯಲ್ಲಿ ವೈರಿನ ಹೊದಿಕೆ ಸವೆದು ತಗಡಿಗೆ ತಾಗಿತೆಂದುಕೊಳ್ಳಿ. ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ವೈರ್ ಕೆಂಪಗಾಗಿ ಕಾರ್ಪೆಟ್‌ಗೆ ಬೆಂಕಿ ಹಿಡಿಯುತ್ತದೆ. ಆಂಪ್ಲಿಫೈಯರ್‌ನ ಫ್ಯೂಸ್ ಆ ಜಾಗದ ಆಚೆ ಇರುವುದರಿಂದ ಅದಕ್ಕೆ ಸುದ್ದಿಯೇ ತಿಳಿಯುವುದಿಲ್ಲ. ಮೇಲಿನ ಲೆಕ್ಕದ ಆಂಪ್ಲಿಫೈಯರ್‌ಗೆ, 10 ಚದರ ಮಿಲಿಮೀಟರ್ ತಾಮ್ರದ ವೈರಿಗೆ 40 ಆಂಪಿಯರ್ ಫ್ಯೂಸ್ ಸರಿ. ಫ್ಯೂಸ್ ಹೋದರೆ ಕಾರಣ ಹುಡುಕಿ, ದೊಡ್ಡದನ್ನು ಹಾಕಿ ಸುಮ್ಮನಾಗಬೇಡಿ. ಸದ್ಯಕ್ಕೆ ಹೋಲ್ಡರ್ ಮಾತ್ರ ಕೂರಿಸಿ, ಫ್ಯೂಸ್ ಜೇಬಿನಲ್ಲಿರಲಿ.

ಇಂಜಿನ್ ಮತ್ತು ಒಳಾಂಗಣದ ನಡುವಿನ ತಗಡಿನ ಗೋಡೆಯಲ್ಲಿ ಕಂಪನಿಯ ವೈರ್ ಗೊಂಚಲು ಒಳಬರುವ ದಪ್ಪ ರಬ್ಬರ್ ಬುಷ್ ಇದೆ. ಬಹಳ ಕಾರುಗಳಲ್ಲಿ ಅದರ ಅಂಚಿನಲ್ಲಿ ಖಾಲಿ ಮೊಲೆಯಂತೆ ಚಾಚಿದ ಒಂದು ಭಾಗವಿರುತ್ತದೆ. ಅದರ ತುದಿ ಕತ್ತರಿಸಿ, ಗಟ್ಟಿ ಕಂಬಿಗೆ ವೈರಿನ ತುದಿಯನ್ನು ಟೇಪ್‌ನಿಂದ ಸುತ್ತಿ, ಒಳಗಿನಿಂದ ಒಬ್ಬರು ಎಳೆಯಬೇಕು. ಹೊಸ ರಂಧ್ರ ಕೊರೆಯಲೇಬೇಕಾದರೆ ಆಚೆ ಬದಿ ಏನಿದೆ ಎಂದು ಕಣ್ಣಾರೆ ನೋಡದೆ ಡ್ರಿಲ್ ಒತ್ತಬೇಡಿ. ಅಂಚಿಗೆ ರಬ್ಬರ್ ಬುಷ್ ಕಡ್ಡಾಯ. ಒಳಬಂದ ವೈರ್ ಕ್ಲಚ್, ಬ್ರೇಕ್ ಪೆಡಲ್‌ಗಳ ಅಥವಾ ಸ್ಟೀರಿಂಗ್ ಸರಳಿನ ಹತ್ತಿರ ಸುಳಿಯಬಾರದು. ಅಲ್ಲಿಂದ ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ, ಅದರ ಅಡಿಯಲ್ಲೇ ಹಿಂದಕ್ಕೆ ಒಯ್ಯಿರಿ. ಒಂದೊಂದು ಅಡಿಗೆ ಕೇಬಲ್ ಟೈ ಕಟ್ಟಿ. ಮುಖ್ಯ ವೈರ್ ಎಡಬದಿಯಿಂದ ಹೋದರೆ ಸಿಗ್ನಲ್ ವೈರ್ ಬಲಬದಿಯಿಂದ ಹೋಗಲಿ. ಎರಡೂ ಜೊತೆಗೂಡಿ ಸಾಗಿದರೆ ಇಂಜಿನ್ನಿನ ಸದ್ದು ಹಾಡಿನೊಳಗೆ ನುಸುಳುವ ಸಾಧ್ಯತೆ ಹೆಚ್ಚು.

ಅರ್ಥಿಂಗ್

ಕಾರಿನ ಸಬ್‌ವೂಫರ್ ತೊಂದರೆಗಳಲ್ಲಿ ದೊಡ್ಡ ಪಾಲಿಗೆ ಬೇರು ಇಲ್ಲಿರುತ್ತದೆ. ಆದ್ದರಿಂದ ಇದೊಂದಕ್ಕೆ ಅರ್ಧ ಗಂಟೆ ಮೀಸಲಿಡಿ.

ಆಂಪ್ಲಿಫೈಯರ್‌ನಿಂದ ಒಂದೂವರೆ ಅಡಿಯೊಳಗೆ, ಕಾರಿನ ಮುಖ್ಯ ಕವಚಕ್ಕೆ ಬೆಸುಗೆಯಾಗಿರುವ ದಪ್ಪ ತಗಡಿನಲ್ಲಿ ಕಂಪನಿಯದೇ ಬೋಲ್ಟ್ ಹುಡುಕಿ. ಹಿಂದಿನ ಸೀಟಿನ ಕೊಂಡಿ ಹಿಡಿದಿರುವ ತಗಡಿನ ಸುತ್ತ, ಡಿಕ್ಕಿಯ ಪಕ್ಕದ ಗೋಡೆಯಲ್ಲಿ ಸಾಮಾನ್ಯವಾಗಿ ಒಂದೆರಡು ಸಿಗುತ್ತವೆ. ಸೀಟ್‌ಬೆಲ್ಟ್ ಹಿಡಿದಿರುವ ಬೋಲ್ಟನ್ನು ಮುಟ್ಟಕೂಡದು. ಜೀವ ಕಾಯುವ ಬೋಲ್ಟ್ ಅದು. ಸಿಕ್ಕ ಬೋಲ್ಟನ್ನು ಬಿಚ್ಚಿದರೆ ಸುತ್ತ ಬಣ್ಣ ಹೊಳೆಯುತ್ತದೆ. ಬಣ್ಣದ ಮೇಲೆ ಲಗ್ ಇಟ್ಟು ಎಷ್ಟು ಬಿಗಿದರೂ ಕರೆಂಟ್ ಹರಿಯುವುದು ಬೋಲ್ಟಿನ ಎಳೆಗಳ ಮೂಲಕ ಮಾತ್ರ. ಒಂದು ರೂಪಾಯಿ ನಾಣ್ಯಕ್ಕಿಂತ ಕೊಂಚ ಅಗಲದ ವೃತ್ತವನ್ನು ಉಪ್ಪು ಕಾಗದದಿಂದ ಉಜ್ಜಿ. ಮೊದಲು ಮೇಲುಬಣ್ಣ ಪುಡಿಯಾಗಿ ಉದುರುತ್ತದೆ, ಆಮೇಲೆ ಬೂದು ಬಣ್ಣದ ಪ್ರೈಮರ್ ಕಾಣುತ್ತದೆ. ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಬೆಳ್ಳಿಯಂತೆ ಹೊಳೆಯುವ ತಗಡು ಕಾಣುವ ತನಕ ಉಜ್ಜಿ, ಬಟ್ಟೆಯಿಂದ ಒರೆಸಿ. ಲಗ್ ನೇರವಾಗಿ ತಗಡಿನ ಮೇಲೆ ಕೂರಲಿ, ಅದರ ಮೇಲೆ ಹಲ್ಲಿನ ವಾಷರ್, ಆಮೇಲೆ ಬೋಲ್ಟ್. ಬಿಗಿದಾದ ಮೇಲೆ ಸುತ್ತ ಬತ್ತಲಾಗಿ ಉಳಿದ ತಗಡಿಗೆ ಬಣ್ಣವನ್ನೋ ವ್ಯಾಸಲೀನ್ ಲೇಪವನ್ನೋ ಹಚ್ಚಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಅರ್ಥಿಂಗ್ ವೈರಿನ ದಪ್ಪ ಮುಖ್ಯ ವೈರಿನಷ್ಟೇ ಇರಬೇಕು.

ಹೊಸ ರಂಧ್ರ ಕೊರೆದು ಸ್ಕ್ರೂ ಹಾಕುವ ಅಭ್ಯಾಸ ಬಿಡಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದಿನ ಸೀಟಿನ ಅಡಿಯಲ್ಲಿ ಇಂಧನ ಟ್ಯಾಂಕ್ ಇದೆ, ನೆಲದ ಕೆಳಗೆ ಬ್ರೇಕ್ ಕೊಳವೆಗಳು ಹಾದುಹೋಗುತ್ತವೆ. ಅರ್ಥಿಂಗ್ ವೈರನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ತಂದು ಕಟ್ಟುತ್ತೇನೆ ಎನ್ನುವವರಿಗೂ ಒಂದು ಮಾತು: ಹೊಸ ಕಾರುಗಳಲ್ಲಿ ಆ ಕಂಬದ ಮೇಲೆ ಬ್ಯಾಟರಿಯ ಸ್ಥಿತಿ ಅಳೆಯುವ ಸೆನ್ಸರ್ ಇರುತ್ತದೆ. ಅದನ್ನು ತಪ್ಪಿಸಿ ಕಟ್ಟಿದರೆ ಕಾರಿನ ಲೆಕ್ಕ ತಪ್ಪುತ್ತದೆ. ಕವಚವೇ ಸರಿಯಾದ ದಾರಿ.

ಸಿಗ್ನಲ್ ತೆಗೆಯುವುದು

ಕಂಪನಿಯ ವೈರ್ ಕತ್ತರಿಸಬೇಡಿ. ವಾರಂಟಿ ಇರುವಾಗ ಕತ್ತರಿಸಿದ ಗೊಂಚಲು ಕಂಡರೆ ಸರ್ವಿಸ್ ಸೆಂಟರ್‌ನಲ್ಲಿ ವಾದ ಶುರುವಾಗುತ್ತದೆ. ಸ್ಟೀರಿಯೋದ ಹಿಂದಿನ ಕಪ್ಲರ್ ಮತ್ತು ಕಾರಿನ ಗೊಂಚಲಿನ ನಡುವೆ ಕೂರುವ ‘ಟಿ’ ಕಪ್ಲರ್‌ಗಳು ಬಹುತೇಕ ಮಾದರಿಗಳಿಗೆ ದೊರೆಯುತ್ತವೆ. ತುಮಕೂರಿನ ಅಂಗಡಿಗಳಲ್ಲಿ ನಿಮ್ಮ ಮಾದರಿಯದು ಇಲ್ಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ. ಅದರಿಂದ ಹಿಂದಿನ ಎಡ, ಬಲ ಸ್ಪೀಕರ್‌ಗಳ ನಾಲ್ಕು ವೈರ್ ತೆಗೆದು ಆಂಪ್ಲಿಫೈಯರ್‌ನ ಹೈ ಲೆವೆಲ್ ಇನ್‌ಪುಟ್‌ಗೆ ಕೊಡಿ. ಮೂಲ ಸ್ಪೀಕರ್‌ಗಳು ಜೋಡಣೆಯಲ್ಲೇ ಇರಲಿ.

ಇಂದಿನ ಸ್ಟೀರಿಯೋಗಳಲ್ಲಿ ಸ್ಪೀಕರ್‌ನ ಮೈನಸ್ ಎಂದರೆ ಅರ್ಥಿಂಗ್ ಅಲ್ಲ. ಎರಡೂ ವೈರ್‌ಗಳಲ್ಲಿ ಸುಮಾರು 6 ವೋಲ್ಟ್ ನಿಂತಿರುತ್ತದೆ, ಸಿಗ್ನಲ್ ಅದರ ಮೇಲೆ ಏರಿಳಿಯುತ್ತದೆ. ಮೈನಸ್ ವೈರನ್ನು ಕವಚಕ್ಕೆ ತಾಗಿಸಿದರೆ ಸ್ಟೀರಿಯೋದ ಚಿಪ್‌ಗೇ ಪೆಟ್ಟು.

ಪ್ಲಸ್ ಯಾವುದು, ಮೈನಸ್ ಯಾವುದು ಎಂಬುದು ಎರಡೂ ಬದಿಯಲ್ಲಿ ಸರಿಯಿರಬೇಕು. ಒಂದು ಬದಿ ಅದಲುಬದಲಾದರೆ, ಆಂಪ್ಲಿಫೈಯರ್ ಎಡಬಲಗಳನ್ನು ಕೂಡಿಸುವಾಗ ಬಾಸ್ ಪರಸ್ಪರ ಕಳೆದುಹೋಗುತ್ತದೆ. ಎಲ್ಲ ಹೊಸದು, ಸದ್ದು ಮಾತ್ರ ಇಲ್ಲ ಎಂಬ ಸ್ಥಿತಿ. ಬಣ್ಣದ ಪಟ್ಟಿಯ ಮಾಹಿತಿ ಸಿಗದಿದ್ದರೆ ಹಳೆಯ ಉಪಾಯ ಇದೆ. ಸ್ಟೀರಿಯೋದಿಂದ ಕಪ್ಲರ್ ಬಿಚ್ಚಿಟ್ಟು, 1.5 ವೋಲ್ಟಿನ ಪೆನ್ಸಿಲ್ ಸೆಲ್ ಅನ್ನು ಸ್ಪೀಕರ್‌ಗೆ ಹೋಗುವ ಜೋಡಿ ವೈರಿಗೆ ಕ್ಷಣಮಾತ್ರ ತಾಗಿಸಿ. ಬಾಗಿಲಿನ ಸ್ಪೀಕರ್ ‘ಟಪ್’ ಎನ್ನುತ್ತದೆ. ಕೋನ್ (ಸ್ಪೀಕರಿನ ಅಲುಗುವ ಬಟ್ಟಲು) ಹೊರಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಒಳಕ್ಕೆ ಸೇದಿದರೆ ಅದು ಮೈನಸ್. ಜಾಲರಿಯ ಹಿಂದಿನಿಂದ ಕಾಣದಿದ್ದರೆ ಮೊಬೈಲಿನ ಟಾರ್ಚ್ ಹಿಡಿಯಿರಿ.

ಉಳಿದದ್ದು ರಿಮೋಟ್ ವೈರ್. ಆಂಪ್ಲಿಫೈಯರ್‌ಗೆ ‘ಎದ್ದೇಳು’ ಎನ್ನುವುದು ಇದೇ. ಹೈ ಲೆವೆಲ್ ಇನ್‌ಪುಟ್ ಇರುವ ಹಲವು ಆಂಪ್ಲಿಫೈಯರ್‌ಗಳು ಮೇಲೆ ಹೇಳಿದ ಆ 6 ವೋಲ್ಟ್ ಕಂಡು ತಾವೇ ಚಾಲೂ ಆಗುತ್ತವೆ. ಇಲ್ಲದಿದ್ದರೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಮೊಬೈಲ್ ಚಾರ್ಜಿಂಗ್ ಸಾಕೆಟ್‌ನ ಫ್ಯೂಸಿನಿಂದ, ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಿಂದ ಇನ್ನೊಂದು ವೈರ್ ತೆಗೆಯುವ ತುಂಡು) ಬಳಸಿ, 1 ಆಂಪಿಯರ್ ಫ್ಯೂಸ್ ಹಾಕಿ ತೆಗೆಯಿರಿ. ಸದಾ ಕರೆಂಟ್ ಇರುವ ವೈರಿಗೆ ಕಟ್ಟಿದರೆ ರಾತ್ರಿಯಿಡೀ ಆಂಪ್ಲಿಫೈಯರ್ ಎಚ್ಚರವಾಗಿರುತ್ತದೆ, ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ.

ಕೂರಿಸಿ, ಕಟ್ಟಿ

ಆಂಪ್ಲಿಫೈಯರನ್ನು ಒಂದು ಹಲಗೆಗೆ ಬಿಗಿದು ಹಿಂದಿನ ಸೀಟಿನ ಬೆನ್ನಿಗೋ ಪೆಟ್ಟಿಗೆಯ ಪಕ್ಕಕ್ಕೋ ಕೂರಿಸಿ. ಸುತ್ತ ಎರಡು ಬೆರಳು ಗಾಳಿ ಆಡಲಿ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಒಳಗೆ ಅದಕ್ಕೆ ಉಸಿರಾಡಲು ಜಾಗ ಬೇಕು. ಪೆಟ್ಟಿಗೆಯನ್ನು ಡಿಕ್ಕಿಯ ಕೊಕ್ಕೆಗಳಿಗೆ ಬೆಲ್ಟ್‌ನಿಂದ ಬಿಗಿಯಾಗಿ ಕಟ್ಟಿ. ಹದಿನೈದು ಕಿಲೋ ತೂಕದ ಪೆಟ್ಟಿಗೆ ಜೋರು ಬ್ರೇಕ್ ಹಾಕಿದಾಗ ಹಿಂದಿನ ಸೀಟಿನ ಮಕ್ಕಳ ಕಡೆಗೇ ನುಗ್ಗುತ್ತದೆ. ಕಟ್ಟಿದ್ದು ಗಟ್ಟಿಯೇ ಎಂಬುದಕ್ಕೆ ದೇವರಾಯನದುರ್ಗದ ತಿರುವುಗಳಿಗಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. ಸದ್ದನ್ನು ಮಾತ್ರ ಅಲ್ಲಿ ಇಳಿಸಿ, ಅದು ಕಾಡು. ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಕೋನ್ ಹಿಂದಿನ ಬಾಗಿಲ ಕಡೆ ಮುಖ ಮಾಡಿದರೆ ಬಾಸ್ ಹೆಚ್ಚು ತುಂಬಿ ಬರುತ್ತದೆ. ಎರಡೂ ರೀತಿ ಇಟ್ಟು ಕೇಳಿ ನೋಡಿ.

ಚಾಲೂ ಮಾಡುವುದು, ಹದ ಮಾಡುವುದು

ಎಲ್ಲ ಬಿಗಿಯಾಗಿದೆಯೇ ಎಂದು ಒಮ್ಮೆ ಕೈಯಾಡಿಸಿ. ಆಮೇಲೆ ಬ್ಯಾಟರಿಯ ಮೈನಸ್ ಕ್ಲಾಂಪ್, ಕೊನೆಗೆ ಮುಖ್ಯ ಫ್ಯೂಸ್. ಫ್ಯೂಸ್ ಕೂರಿಸುವಾಗ ಸಣ್ಣ ಕಿಡಿ ಸಹಜ. ದೊಡ್ಡ ಕಿಡಿಯೊಡನೆ ಫ್ಯೂಸ್ ಹೋದರೆ ಎಲ್ಲೋ ಪ್ಲಸ್ ತಗಡಿಗೆ ತಾಗಿದೆ.

ಗೇನ್ ಎಂಬ ಗುಂಡಿಯನ್ನು ವಾಲ್ಯೂಮ್ ಎಂದು ತಿಳಿದು ಪೂರ್ತಿ ತಿರುಗಿಸುವುದೇ ಸಬ್‌ವೂಫರ್ ಸುಡುವ ಮುಖ್ಯ ಕಾರಣ. ಸ್ಟೀರಿಯೋ ಕೊಡುವ ಸಿಗ್ನಲ್ಲಿಗೂ ಆಂಪ್ಲಿಫೈಯರ್‌ನ ಸಾಮರ್ಥ್ಯಕ್ಕೂ ಹೊಂದಿಕೆ ಮಾಡುವ ಗುಂಡಿ ಅದು. ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದ ಕೆಲಸ. ಬಾಸ್ ಬೂಸ್ಟ್ ಸೊನ್ನೆಗೆ ಇಳಿಸಿ. ಕೆಳಸ್ಥಾಯಿಯನ್ನು ಮಾತ್ರ ಬಿಡುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸ್‌ಗೆ ಇಡಿ. ಸ್ಟೀರಿಯೋದ ಬಾಸನ್ನು ಒಂದೆರಡು ಹೆಜ್ಜೆ ಇಳಿಸಿಕೊಳ್ಳುವುದು ಒಳ್ಳೆಯದು. ಬಾಗಿಲಿನ ಸ್ಪೀಕರ್‌ಗಳ ಮೇಲಿನ ಹೊರೆ ತಗ್ಗುತ್ತದೆ, ಸಬ್‌ವೂಫರ್‌ಗೆ ಕಡಿಮೆಯಾದದ್ದನ್ನು ಗೇನ್ ತುಂಬಿಕೊಡುತ್ತದೆ. ಸಬ್‌ವೂಫರ್ ವೈರನ್ನು ಆಂಪ್ಲಿಫೈಯರ್‌ನಿಂದ ಬಿಚ್ಚಿ, ಆ ಜಾಗಕ್ಕೆ ಎಸಿ ವೋಲ್ಟ್‌ನಲ್ಲಿಟ್ಟ ಮಲ್ಟಿಮೀಟರ್ ಹಿಡಿಯಿರಿ. ಪೆನ್‌ಡ್ರೈವ್‌ನಿಂದ 50 ಹರ್ಟ್ಸ್ ಟೋನ್ ಹಾಕಿ, ವಾಲ್ಯೂಮನ್ನು ಮುಕ್ಕಾಲಿಗೆ ತನ್ನಿ. ಗೇನ್ ಅನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ತಿರುಗಿಸುತ್ತ, ಬೇಕಾದ ವೋಲ್ಟ್ ಬಂದಾಗ ನಿಲ್ಲಿಸಿ. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಆ ಅಂಕಿ ಸಿಗುತ್ತದೆ: 4 ಓಮ್‌ನಲ್ಲಿ 150 ವ್ಯಾಟ್‌ಗೆ 24.5 ವೋಲ್ಟ್, 200ಕ್ಕೆ 28.3, 300ಕ್ಕೆ 34.6. 2 ಓಮ್ ಆದರೆ 300 ವ್ಯಾಟ್‌ಗೆ 24.5. ಟೋನ್ ಹೆಚ್ಚು ಹೊತ್ತು ಓಡಿಸಬೇಡಿ, ಬಾಗಿಲಿನ ಸ್ಪೀಕರ್‌ಗಳೂ ಅದನ್ನು ಸಹಿಸಿಕೊಂಡಿರುತ್ತವೆ.

ಸಬ್‌ವೂಫರ್ ಮತ್ತೆ ಜೋಡಿಸಿ ಚಾಲಕನ ಸೀಟಿನಲ್ಲಿ ಕುಳಿತುಕೊಳ್ಳಿ. ಇನ್ನೊಬ್ಬರು, ಕೋನ್ ಚಲಿಸುವ ದಿಕ್ಕನ್ನು ತಿರುಗಿಸುವ ಫೇಸ್ ಸ್ವಿಚ್ಚನ್ನು 0, 180 ಎಂದು ಬದಲಿಸಲಿ. ಡೊಳ್ಳಿನ ಪೆಟ್ಟು ಯಾವುದರಲ್ಲಿ ತುಂಬಿ, ಮುಂದಿನಿಂದ ಬಂದಂತೆ ಕೇಳುತ್ತದೋ ಅದನ್ನು ಉಳಿಸಿಕೊಳ್ಳಿ. ಬಾಸ್ ಹಿಂದಿನ ಡಿಕ್ಕಿಯಿಂದ ಬರುತ್ತಿದೆ ಎಂದು ಸ್ಪಷ್ಟವಾಗಿ ಗೊತ್ತಾದರೆ ಫಿಲ್ಟರನ್ನು 70ಕ್ಕೆ ಇಳಿಸಿ. ವಾಲ್ಯೂಮ್ ಏರಿದಂತೆ ಬಾಸ್ ಸೊರಗಿದರೆ ನಿಮ್ಮ ಸ್ಟೀರಿಯೋ ತನ್ನ ಸ್ಪೀಕರ್ ಕಾಪಾಡಲು ಬಾಸನ್ನು ಕತ್ತರಿಸುತ್ತಿದೆ. ಅದನ್ನು ಮರುತುಂಬುವ ಕನ್ವರ್ಟರ್‌ಗಳಿವೆ.

ತೊಂದರೆ ಕಂಡರೆ

ಆಕ್ಸಿಲರೇಟರ್ ಒತ್ತಿದಂತೆ ಕೀಂ ಎಂಬ ಸದ್ದು ಏರಿದರೆ ಅದು ಆಲ್ಟರ್ನೇಟರ್‌ನದು. ಸದ್ದು ತಡೆಯುವ ಫಿಲ್ಟರ್ ಕೊಳ್ಳಲು ಓಡುವ ಮುನ್ನ ಅರ್ಥಿಂಗ್ ಬೋಲ್ಟ್ ಬಿಚ್ಚಿ ನೋಡಿ, ಪ್ರೈಮರ್ ಉಳಿದಿರುತ್ತದೆ. ಹಾಡಿನ ಪೆಟ್ಟಿಗೆ ತಕ್ಕಂತೆ ಹೆಡ್‌ಲೈಟ್ ಮಂಕಾದರೂ ಮೊದಲ ಅನುಮಾನ ಅರ್ಥಿಂಗ್ ಮೇಲೆಯೇ. ಜೋರಾಗಿ ನುಡಿಯುವಾಗ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು, ಒಂದು ಕಡ್ಡಿ ಆಂಪ್ಲಿಫೈಯರ್‌ನ ಅರ್ಥಿಂಗ್ ತುದಿಗೆ, ಇನ್ನೊಂದನ್ನು ಉದ್ದ ವೈರ್ ಮೂಲಕ ಬ್ಯಾಟರಿಯ ಮೈನಸ್‌ಗೆ ಹಿಡಿಯಿರಿ. 0.2 ವೋಲ್ಟ್ ದಾಟಬಾರದು. ವಿದ್ಯುತ್ ಕೂಡಿಟ್ಟು ಕೊಡುವ ಕೆಪಾಸಿಟರ್ ಮಾರಲು ಬರುವವರಿಗೆ ಈ ಮಟ್ಟದ ಸೆಟ್‌ಗೆ ಬೇಡ ಎಂದು ಹೇಳಿ. ಡಿಕ್ಕಿಯ ಬಾಗಿಲು, ನಂಬರ್ ಪ್ಲೇಟ್ ಗಡಗಡ ಎಂದರೆ ಪ್ಲೇಟಿನ ಹಿಂದೆ ಫೋಮ್ ಟೇಪ್, ಬಾಗಿಲ ತಗಡಿಗೆ ನಡುಕ ತಡೆಯುವ ಬ್ಯುಟೈಲ್ ಹಾಳೆ ಅಂಟಿಸಿ. ಇಂಜಿನ್ ಆರಿಸಿ ಗಂಟೆಗಟ್ಟಲೆ ಹಾಡು ಹಾಕಬೇಡಿ. ಸಣ್ಣ ಕಾರುಗಳ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್ ಅವರ್ ಆಸುಪಾಸಿನದು.

ಕಾನೂನಿನ ಮಾತೂ ಗೊತ್ತಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಜಿಲ್ಲಾಸ್ಪತ್ರೆಯೂ ಇದೆ, ಕಾಲೇಜುಗಳೂ ಇವೆ. ಅಲ್ಲಿ ಕಿಟಕಿ ಏರಿಸಿ, ಸದ್ದು ಇಳಿಸಿ.

ಒಂದು ತಿಂಗಳ ಓಡಾಟದ ನಂತರ ಎಲ್ಲ ಬೋಲ್ಟ್‌ಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ. ನಮ್ಮ ಹಳ್ಳಿ ರಸ್ತೆಗಳ ಕುಲುಕಾಟಕ್ಕೆ ಹೊಸ ಲಗ್‌ಗಳು ಕೊಂಚ ಸಡಿಲವಾಗುತ್ತವೆ. ಅರ್ಧ ಗಂಟೆ ಜೋರಾಗಿ ನುಡಿಸಿ ಕಾರು ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತಿ. ಫ್ಯೂಸ್ ಹೋಲ್ಡರ್‌ನ ಎರಡೂ ತುದಿಯನ್ನು ಮುಟ್ಟಿ, ಅದರ ಪಕ್ಕದ ಕಂಪನಿಯ ಪ್ಲಾಸ್ಟಿಕ್ಕನ್ನೂ ಮುಟ್ಟಿ. ಹೋಲ್ಡರ್‌ನ ಒಂದು ತುದಿ ಮಾತ್ರ ಹೆಚ್ಚು ಬಿಸಿಯಿದ್ದರೆ ಆ ಲಗ್ ಸರಿಯಾಗಿ ಕೂತಿಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿ, ಲಗ್ ಕತ್ತರಿಸಿ, ಹೊಸದನ್ನು ಒತ್ತಿಸಿ.